ನಗುವವರ ಕಡೆಗೆ ತಿರುಗಿದ ಪಾಠ: ಕೊಪ್ಪಳ ತಾಲ್ಲೂಕಿನ ಒಂದು ಆರನೇ ತರಗತಿಯ ಪ್ರಕರಣ ಅಧ್ಯಯನ

ಜುಲೈನಲ್ಲಿ ಶಾಲೆಯಲ್ಲಿ ಪೋಸ್ಟರ್ ಸ್ಪರ್ಧೆ ನಡೆಯಿತು. ವಿಷಯ, ‘ಯಾರನ್ನೂ ಗೇಲಿ ಮಾಡಬಾರದು’. ಮೊದಲ ಬಹುಮಾನ ಬಂದದ್ದು ಆರನೇ ತರಗತಿಯ ಲೀಡರ್‌ಗೆ. ಅಕ್ಷರ ದುಂಡಗಿತ್ತು, ಬಣ್ಣ ಗೆರೆ ದಾಟಿರಲಿಲ್ಲ, ಕೈ ಕೈ ಹಿಡಿದು ನಿಂತ ಮಕ್ಕಳೆಲ್ಲ ಒಂದೇ ಅಳತೆಯಲ್ಲಿದ್ದರು. ಅದೇ ವಾರ, ಬಿಸಿಯೂಟ ಮುಗಿದ ಮೇಲೆ ಅವನೂ ಅವನ ನಾಲ್ವರು ಗೆಳೆಯರೂ ಸೇರಿ ಒಬ್ಬ ಸಹಪಾಠಿ ತೊಳೆದಿಟ್ಟ ತಟ್ಟೆಗೆ ಮರಳು ತುಂಬಿ, ‘ಏ ಸಿಮೆಂಟ್, ಮಾಲ್ ಕಲಸಲೇ’ ಎಂದು ಕೂಗುತ್ತಿದ್ದರು. ನಲ್ಲಿಯ ಸುತ್ತ ನಿಂತ ಹತ್ತು ಹನ್ನೆರಡು ಮಕ್ಕಳು ನಗುತ್ತಿದ್ದರು. ಆ ಪೋಸ್ಟರ್ ಬರೆದವನಿಗೆ ಇದರಲ್ಲಿ ಯಾವ ವಿರೋಧವೂ ಕಂಡಿರಲಿಲ್ಲ. ಪೋಸ್ಟರ್‌ಗೆ ಏನು ಬರೆದರೆ ಬಹುಮಾನ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೇ.

ಇಲ್ಲಿ ಬರುವ ಶಾಲೆ ಯಾವುದೋ ಒಂದು ಊರಿನದಲ್ಲ. ಈ ಭಾಗದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ತರಗತಿಯ ಪ್ರಕರಣವಾಗಿ ಹೆಣೆದಿದೆ. ಮಕ್ಕಳನ್ನು ಗುರುತು ಹಿಡಿಯಲು ಆಗಬಾರದು ಎಂಬುದೇ ಇದಕ್ಕೆ ಕಾರಣ. ಈ ಗೇಲಿಯನ್ನು ಎದುರಿಸಲು ಕಲೆಯ ಪೀರಿಯಡ್‌ಗಳಲ್ಲಿ ಮಾಡಿಸಿದ ಚಟುವಟಿಕೆಗಳ ಕ್ರಮ, ಅಳತೆ, ತೊಡಕುಗಳು ಮಾತ್ರ ಬೇರೆ ಶಿಕ್ಷಕರು ಹಾಗೆಯೇ ಎತ್ತಿಕೊಂಡು ಬಳಸಬಹುದಾದವು.

ಸನ್ನಿವೇಶ

ತರಗತಿಯಲ್ಲಿ 31 ಮಕ್ಕಳು. ಗೇಲಿಗೆ ಗುರಿಯಾದ ಹುಡುಗ ಡಿಸೆಂಬರ್‌ನಲ್ಲಿ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ, ಜೂನ್‌ನಲ್ಲಿ ಅಜ್ಜಿಯ ಮನೆಗೆ ವಾಪಸಾದವನು. ಆರು ತಿಂಗಳು ಕಟ್ಟಡದ ಸೈಟಿನ ತಗಡಿನ ಶೆಡ್ಡಿನಲ್ಲಿದ್ದ. ಓದು ಹಿಂದೆ ಬಿದ್ದಿತ್ತು, ಮಾತಿನಲ್ಲಿ ನಡುನಡುವೆ ಹಿಂದಿ ನುಸುಳುತ್ತಿತ್ತು. ‘ಸಿಮೆಂಟ್’ ಎಂಬ ಹೆಸರು ಅಂಟಿದ್ದು ಹಾಗೆ. ಆದರೆ ಅದು ಗಟ್ಟಿಯಾದದ್ದು ಮಕ್ಕಳಿಂದಲ್ಲ. ಹಾಜರಿ ಕರೆಯುವಾಗ ಒಬ್ಬ ಶಿಕ್ಷಕರು, ಸಲಿಗೆಯಿಂದಲೇ ಇರಬಹುದು, ‘ಏನಪಾ ಸಿಮೆಂಟ್, ಬಂದೀಯೇನು’ ಎಂದಿದ್ದರು. ಅಂದಿನಿಂದ ಅದು ರಿಜಿಸ್ಟರಿಗೆ ಏರಿದ ಹೆಸರಿನಷ್ಟೇ ಅಧಿಕೃತವಾಯಿತು. ಇಂಥ ಪ್ರಕರಣಗಳಲ್ಲಿ ಅಡ್ಡಹೆಸರಿನ ಬೇರು ಹುಡುಕುತ್ತ ಹೋದರೆ ಅದು ಸ್ಟಾಫ್ ರೂಮಿನಲ್ಲಿ ಸಿಗುವುದು ಅಪರೂಪವೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು ನಾವು ಮಕ್ಕಳಿಗಿಂತ ಮೊದಲು ನೆನಪಿಡಬೇಕು.

ಶಾಲೆ ಸುಮ್ಮನಿತ್ತು ಎಂದಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಬೈದಿದ್ದರು. ಲೀಡರ್ ಮತ್ತು ಆ ಹುಡುಗ ಇಬ್ಬರನ್ನೂ ಮುಂದೆ ಕರೆದು ಕೈ ಕುಲುಕಿಸಿದ್ದರು. ಸಂಜೆ ದಾರಿಯಲ್ಲಿ ಅದರ ಬಡ್ಡಿ ವಸೂಲಾಯಿತು. ಆಗಸ್ಟ್ ಹೊತ್ತಿಗೆ ಹುಡುಗ ಶನಿವಾರ ಬರುವುದನ್ನೇ ಬಿಟ್ಟ. ಶನಿವಾರ ಬೆಳಗಿನ ಶಾಲೆ, ಡ್ರಿಲ್, ಆಟ, ಅಂದರೆ ಮೇಷ್ಟ್ರ ಕಣ್ಣು ತಪ್ಪುವ ಹೊತ್ತು ಹೆಚ್ಚು. ಹಾಜರಿ ಪುಸ್ತಕದಲ್ಲಿ ಪ್ರತಿ ವಾರ ಒಂದೇ ದಿನದ ಗೈರು ಸಾಲಾಗಿ ಕಂಡರೆ ಜ್ವರದ ನೆಪವನ್ನು ನಂಬುವ ಮೊದಲು ಆ ದಿನದ ವೇಳಾಪಟ್ಟಿ ನೋಡಬೇಕು.

ಕರೆದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಸುಮ್ನ ಚಾಷ್ಟಿ ಮಾಡಿದ್ವಿ ಸರ್, ಅವ್ನೂ ನಗ್ತಾನ.’ ನಿಜ, ಅವನೂ ನಗುತ್ತಿದ್ದ. ಈ ನಗುವೇ ಇಡೀ ಪ್ರಕರಣದ ಗಂಟು.

ಜಗಳಕ್ಕೂ ಕಾಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಾರ್ವೆಯಲ್ಲಿ ದುಡಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಮೂರು ಗುರುತುಗಳಲ್ಲಿ ಹೇಳಿದ್ದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಇಬ್ಬರ ಬಲದಲ್ಲಿ ಅಂತರ. ಇಲ್ಲಿ ಮೂರೂ ಇದ್ದವು. ಆದರೆ ಚಟುವಟಿಕೆಗಳ ದಿಕ್ಕನ್ನು ನಿರ್ಧರಿಸಿದ್ದು ಇನ್ನೊಂದು ಕೆಲಸ. 1996ರಲ್ಲಿ ಮನೋವಿಜ್ಞಾನಿ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಮತ್ತು ಜೊತೆಗಾರರು ಫಿನ್ಲೆಂಡಿನ ಆರನೇ ತರಗತಿಯ ಮಕ್ಕಳನ್ನೇ ಅಧ್ಯಯನ ಮಾಡಿ, ಕಾಡಿಸುವುದು ಇಬ್ಬರ ನಡುವಿನ ವ್ಯವಹಾರವಲ್ಲ, ಇಡೀ ತರಗತಿಯದ್ದು ಎಂದು ತೋರಿಸಿದರು. ಮುಂದಾಳು ಒಬ್ಬ, ಕೈಜೋಡಿಸುವವರು ಕೆಲವರು, ನಕ್ಕು ಹುರಿದುಂಬಿಸುವವರು ಹಲವರು, ನೋಡಿಯೂ ನೋಡದವರು, ಬೆನ್ನಿಗೆ ನಿಲ್ಲುವವರು. ಈ ತರಗತಿಯ ಲೆಕ್ಕ ಹಾಕಿದರೆ ಕಾಡಿಸುವವರು ಐವರು, ಗುರಿ ಒಬ್ಬ. ಉಳಿದ 25 ಮಕ್ಕಳು ಯಾವ ಬೈಗುಳದಲ್ಲೂ ಯಾವ ಬುದ್ಧಿವಾದದಲ್ಲೂ ಸೇರಿರಲಿಲ್ಲ. ಹಾಗಾಗಿ ಕಲೆಯ ಪಾಠಗಳನ್ನೆಲ್ಲ ಈ 25 ಮಕ್ಕಳಿಗೆ ಗುರಿಯಿಟ್ಟು ಕಟ್ಟಲಾಯಿತು. ನೊಂದವನನ್ನು ಮುಂದೆ ತರುವ, ನೋಯಿಸಿದವನನ್ನು ಮಣಿಸುವ ಕೆಲಸ ಕಲೆಗೆ ಒಪ್ಪಿಸಲಿಲ್ಲ.

ವಾರಕ್ಕೆ ಒಮ್ಮೆ, ಬುಧವಾರ ಮಧ್ಯಾಹ್ನ, 40 ನಿಮಿಷದ ಎರಡು ಪೀರಿಯಡ್ ಕೂಡಿಸಿ ಎಂಟು ವಾರ ಕೆಲಸ ನಡೆಯಿತು. ಚಿತ್ರಕಲೆ ಎಂದರೆ ಶನಿವಾರ ಎಂಬ ರೂಢಿ ಬಹಳ ಶಾಲೆಗಳಲ್ಲಿದೆ. ಈ ತರಗತಿಯಲ್ಲಿ ಶನಿವಾರ ಇಟ್ಟಿದ್ದರೆ ಯಾರಿಗಾಗಿ ಪಾಠವೋ ಅವನೇ ಇರುತ್ತಿರಲಿಲ್ಲ.

ನಕ್ಷೆ

ಮೊದಲು ಬಿಡಿಸಿದ್ದು ಶಾಲೆಯ ನಕ್ಷೆ. ಶಿಕ್ಷಕರು ಒಂದು ಎ4 ಹಾಳೆಯಲ್ಲಿ ಕೋಣೆಗಳು, ಅಡುಗೆಮನೆ, ನಲ್ಲಿ, ಶೌಚಾಲಯ, ಮೈದಾನ, ಗೇಟು, ಗೇಟಿನಿಂದ ಊರ ಕಡೆಗೂ ತಾಂಡಾ ಕಡೆಗೂ ಹೋಗುವ ದಾರಿ ಇಷ್ಟನ್ನು ಗೆರೆಯಲ್ಲಿ ಬರೆದು 35 ಝೆರಾಕ್ಸ್ ಮಾಡಿಸಿದರು. ಪ್ರತಿ ಮಗುವಿಗೆ ಒಂದು ಹಾಳೆ, ಒಂದು ಹಸಿರು, ಒಂದು ಕೆಂಪು ಕ್ರೇಯಾನ್. ಇರಲು ಖುಷಿಯಾಗುವ ಜಾಗಕ್ಕೆ ಹಸಿರು, ಹೋಗಲು ಮನಸ್ಸಾಗದ ಜಾಗಕ್ಕೆ ಕೆಂಪು. ಹೆಸರು ಬರೆಯುವಂತಿಲ್ಲ, ಕಾರಣ ಬರೆಯುವಂತಿಲ್ಲ.

ಇದನ್ನು ದೊಡ್ಡ ಚಾರ್ಟಿನ ಮೇಲೆ ಎಲ್ಲರೂ ಬಂದು ಬಿಂದಿ ಅಂಟಿಸುವ ಆಟವಾಗಿ ಮಾಡಿಸುವವರಿದ್ದಾರೆ. ನೋಡಲು ಚೆಂದ, ಆದರೆ ಮೂರನೇ ಮಗು ಬರುವ ಹೊತ್ತಿಗೆ ಲೀಡರ್ ಎಲ್ಲಿ ಅಂಟಿಸಿದನೋ ಅಲ್ಲೇ ಎಲ್ಲರ ಬಿಂದಿಯೂ ಬೀಳುತ್ತದೆ. ಬೇರೆ ಬೇರೆ ಹಾಳೆ, ನಡುವೆ ಚೀಲ ಅಡ್ಡ ಇಟ್ಟು ಕೂರಿಸುವುದು, ಮಡಚಿ ಡಬ್ಬಿಗೆ ಹಾಕಿಸುವುದು, ಇಷ್ಟು ಬೇಕೇ ಬೇಕು. ಆಮೇಲೆ ಶಿಕ್ಷಕರು ಒಬ್ಬರೇ ಕೂತು ಎಲ್ಲ ಕೆಂಪನ್ನೂ ಒಂದೇ ಹಾಳೆಗೆ ಇಳಿಸಬೇಕು.

ಇಳಿಸಿದಾಗ ಕಂಡದ್ದು ಶಿಕ್ಷಕರ ಊಹೆಗೆ ಹೊಂದಲಿಲ್ಲ. ಎಲ್ಲರೂ ಮೈದಾನ ಎಂದುಕೊಂಡಿದ್ದರು. ಕೆಂಪು ದಟ್ಟವಾಗಿದ್ದದ್ದು ತಟ್ಟೆ ತೊಳೆಯುವ ನಲ್ಲಿಯ ಬಳಿ. ನಾಲ್ಕು ನಲ್ಲಿಗಳಲ್ಲಿ ಎರಡು ಕೆಟ್ಟಿದ್ದವು. ಆರು, ಏಳನೇ ತರಗತಿಯವರೆಲ್ಲ ಉಳಿದ ಎರಡಕ್ಕೆ ಮುಗಿಬೀಳುತ್ತಿದ್ದರು, ಆ ಹತ್ತು ನಿಮಿಷ ಅಲ್ಲಿ ದೊಡ್ಡವರು ಯಾರೂ ಇರುತ್ತಿರಲಿಲ್ಲ. ಅಡುಗೆಯವರು ಪಾತ್ರೆ ಎತ್ತುವುದರಲ್ಲಿ, ಶಿಕ್ಷಕರು ಊಟದಲ್ಲಿ. ಹಾಳೆಗಳಲ್ಲಿ ಹೆಸರಿರಲಿಲ್ಲ, ಆದರೆ ಇಷ್ಟು ಹಾಳೆಗಳಲ್ಲಿ ಕೆಂಪಿದೆ ಎಂದರೆ ಯಾರೂ ‘ನೊಂದವರು’ ಎಂದುಕೊಂಡಿರದ ಮಕ್ಕಳೂ ಅದನ್ನು ಹಚ್ಚಿದ್ದರು ಎಂದೇ ಅರ್ಥ.

ನಲ್ಲಿ ರಿಪೇರಿಯಾಯಿತು, ಎರಡು ಸಾಲು ಮಾಡಿದರು, ಊಟದ ನಂತರ ಕಾಲು ಗಂಟೆ ಒಬ್ಬ ಶಿಕ್ಷಕರು ಅಲ್ಲಿ ನಿಲ್ಲುವ ಪಾಳಿ ಬಂತು. ಮುಂದೆ ಮಾಡಿದ ಗೊಂಬೆ, ಚಿತ್ರಕಥೆ ಯಾವುದೂ ಈ ಒಂದು ಬದಲಾವಣೆಯಷ್ಟು ಬೇಗ ಫಲ ಕೊಡಲಿಲ್ಲ. ಕಲಾ ಚಟುವಟಿಕೆ ಎಂದರೆ ಮಕ್ಕಳನ್ನು ತಿದ್ದುವುದು ಎಂದುಕೊಂಡವರಿಗೆ ಇದು ಸಪ್ಪೆ ಎನಿಸಬಹುದು. ನಮ್ಮ ಮಟ್ಟಿಗೆ ನಕ್ಷೆಯೇ ಎಲ್ಲಕ್ಕಿಂತ ಒಳ್ಳೆಯ ಚಟುವಟಿಕೆ. ಸಮಯ ಒಂದೇ ಪೀರಿಯಡ್ ಇದ್ದರೆ ಇದನ್ನೇ ಮಾಡಿಸಿ.

ಅರ್ಧ ಮುಖ

ಎರಡನೇ ವಾರ, ‘ಅವ್ನೂ ನಗ್ತಾನ’ ಎಂಬ ಮಾತಿನ ಮೇಲೆ ಕೆಲಸ, ಆದರೆ ಆ ಮಾತನ್ನು ಎತ್ತದೆ. ಪ್ರತಿಯೊಬ್ಬರೂ ಹಾಳೆಯ ಉದ್ದಕ್ಕೆ ಒಂದೊಂದು ನಗುವ ಮುಖ ಬರೆಯಬೇಕು. ಹಬ್ಬದ ದಿನ ನಗುವುದು, ಬಿದ್ದು ಎದ್ದವನು ನಗುವುದು, ಹೆದರಿದವನು ನಗುವುದು, ಬೇರೆಯವರು ನಕ್ಕರೆಂದು ತಾನೂ ನಗುವುದು. ಯಾವುದನ್ನು ಬರೆಯಬೇಕೆಂಬುದು ಚೀಟಿಯಲ್ಲಿ ಬರುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲರೂ ಒಂದೇ ಮುಖ ಬರೆದರು, ಬಾಯಿ ತೆರೆದು ಹಲ್ಲು ತೋರಿಸುವ ಮುಖ. ಆಗ ಮೂಗಿನಿಂದ ಕೆಳಗೆ ಒಂದು ಬಿಳಿ ಪಟ್ಟಿ ಅಂಟಿಸಿ ಮುಚ್ಚಲು ಹೇಳಲಾಯಿತು. ಕಣ್ಣು, ಹುಬ್ಬು, ಹಣೆ ಮಾತ್ರ ಉಳಿದವು. ಈಗ ಯಾರದು ಯಾವ ನಗು ಎಂದು ಪಕ್ಕದವರು ಹೇಳಬೇಕು. ಆಗಲಿಲ್ಲ. ಎರಡನೇ ಹಾಳೆಯಲ್ಲಿ ಬಾಯಿ ಬರೆಯುವಂತೆಯೇ ಇಲ್ಲ, ಕಣ್ಣು ಹುಬ್ಬಿನಲ್ಲೇ ತೋರಿಸಬೇಕು. ಒಬ್ಬರನ್ನೊಬ್ಬರು ನೋಡಿ, ಕಿಟಕಿ ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡು ಬರೆದರು. ಹೆದರಿದ ನಗುವಿನ ಹುಬ್ಬಿನ ಒಳತುದಿ ಮೇಲೇರುತ್ತದೆ ಎಂದು ಕಂಡುಹಿಡಿದದ್ದು ಅಷ್ಟೇನೂ ಮಾತಾಡದ ಒಬ್ಬ ಹುಡುಗಿ. ಉಳಿದವರು ಅವಳ ಹಾಳೆ ನೋಡಿ ತಮ್ಮದನ್ನು ಅಳಿಸಿದರು.

ಇಲ್ಲಿ ಶಿಕ್ಷಕರು ಹೇಳಬೇಕಾದ್ದು ಒಂದೇ ವಾಕ್ಯ: ಬಾಯಿ ನಕ್ಕರೆ ಎಲ್ಲ ನಕ್ಕಂತಲ್ಲ. ಅದನ್ನೂ ಹೇಳದೆ ಬಿಟ್ಟರೆ ಇನ್ನೂ ಒಳ್ಳೆಯದು.

ಇದಕ್ಕೆ ಪರ್ಯಾಯವಾಗಿ ಬಹಳ ಕಡೆ ಮಾಡಿಸುವುದು ಕಾಗದದ ಹೃದಯ ಕತ್ತರಿಸಿ, ಕೆಟ್ಟ ಮಾತು ಆಡುತ್ತ ಅದನ್ನು ಮುದುಡಿ, ಮತ್ತೆ ಬಿಡಿಸಿ ‘ನೋಡಿ, ಸುಕ್ಕು ಹೋಗಲ್ಲ’ ಎನ್ನುವ ಚಟುವಟಿಕೆ. ಮಕ್ಕಳಿಗೆ ಅದರಲ್ಲಿ ಖುಷಿ ಕೊಡುವುದು ಮುದುಡುವ ಭಾಗ. ಇನ್ನು ನಿಜವಾಗಿ ನೊಂದ ಮಗುವಿಗೆ ಅದು ಹೇಳುವುದೇನು? ನೀನು ಇನ್ನು ನೆಟ್ಟಗಾಗುವುದಿಲ್ಲ ಎಂದು. ಈ ತರಗತಿಯಲ್ಲಿ ಅದನ್ನು ಕೈಬಿಡಲಾಯಿತು. ‘ನನ್ನ ಕುಟುಂಬ’ ಎಂಬ ಚಿತ್ರವನ್ನೂ ಬೇಡವೆಂದರು. ಅಪ್ಪ ಅವ್ವ ಗುಳೆಯಲ್ಲಿರುವ, ಅಪ್ಪನ ಹೆಸರು ಕೇಳಿದರೆ ತಲೆ ತಗ್ಗಿಸುವ ಮಕ್ಕಳಿರುವ ಈ ಸೀಮೆಯಲ್ಲಿ ಆ ಹಾಳೆಯೇ ನಾಳೆಯ ಗೇಲಿಗೆ ಸರಕಾಗುತ್ತದೆ.

ನಾಲ್ಕು ಚೌಕದ ಚಿತ್ರಕಥೆ

ಎ4 ಹಾಳೆಯನ್ನು ಎರಡು ಸಲ ಮಡಚಿದರೆ ನಾಲ್ಕು ಚೌಕ. ಮೊದಲನೆಯದರಲ್ಲಿ ಏನೋ ನಡೆಯುತ್ತದೆ. ಎರಡನೆಯದರಲ್ಲಿ ಅಲ್ಲಿ ಯಾರು ಯಾರಿದ್ದರು. ಮೂರನೆಯದು ಖಾಲಿ. ನಾಲ್ಕನೆಯದರಲ್ಲಿ ಆಮೇಲೆ ಏನಾಯಿತು. ಇಬ್ಬಿಬ್ಬರು ಸೇರಿ ಒಂದು ಹಾಳೆ, ಒಂದು ಮತ್ತು ಎರಡನೇ ಚೌಕ ಮಾತ್ರ ಬರೆದು ಬೇರೆ ಜೋಡಿಗೆ ಕೊಡಬೇಕು. ಮೂರು, ನಾಲ್ಕನೆಯದನ್ನು ಅವರು ತುಂಬುತ್ತಾರೆ.

ಷರತ್ತಿಲ್ಲದೆ ಬಿಟ್ಟರೆ ಮೂರನೇ ಚೌಕಕ್ಕೆ ಬರುವುದು ಎರಡೇ ಬಗೆ. ಒಂದು, ಸಿನಿಮಾದ ಹೀರೋ ಹಾರಿ ಬಂದು ಒದೆಯುವುದು. ಇನ್ನೊಂದು, ಹೆಡ್‌ಮಾಸ್ತರ್ ಬೆತ್ತ ಹಿಡಿದು ಬರುವುದು. ಎರಡೂ ಮಕ್ಕಳು ಕಂಡ ನ್ಯಾಯವೇ, ಅವರನ್ನು ಬೈದು ಫಲವಿಲ್ಲ. ಆದರೆ ಮೊದಲೇ ಹೇಳಬೇಕು: ಹೊಡೆತ ಇಲ್ಲ, ದೊಡ್ಡವರು ಇಲ್ಲ. ಎಲ್ಲಕ್ಕಿಂತ ಮುಖ್ಯ ಷರತ್ತು ಎರಡನೇ ಚೌಕದ್ದು. ಸುತ್ತ ನಿಂತವರು ಕನಿಷ್ಠ ನಾಲ್ಕು ಮಂದಿ ಇರಬೇಕು, ನಾಲ್ವರಿಗೂ ಬೇರೆ ಬೇರೆ ಮುಖ, ಒಬ್ಬೊಬ್ಬರ ತಲೆಯ ಮೇಲೂ ಮನಸ್ಸಿನ ಮಾತಿನ ಒಂದು ಮೋಡ.

ಆ ಮೋಡಗಳಲ್ಲೇ ಈ ಪ್ರಕರಣ ಬಿಚ್ಚಿಕೊಂಡಿತು. ಒಂದು ಹಾಳೆಯಲ್ಲಿ ಬಸ್ ಸ್ಟ್ಯಾಂಡ್, ಒಬ್ಬನ ಚೀಲ ಎಳೆಯುತ್ತಿದ್ದಾರೆ. ಪಕ್ಕದಲ್ಲಿ ಹಲ್ಲು ಕಿರಿದು ನಗುತ್ತಿರುವ ಹುಡುಗನ ತಲೆಯ ಮೇಲೆ ಹೀಗೆ ಬರೆದಿತ್ತು: ‘ನಾ ನಗಲಿಲ್ಲಂದ್ರ ನಾಳೆ ನಂಗೂ ಹೆಸರಿಡ್ತಾರ.’ ಬರೆದವನು ಲೀಡರ್‌ನ ಗುಂಪಿನಲ್ಲೇ ಇದ್ದವನು. ಅಂಥ ಮೋಡಗಳು ಇನ್ನೂ ಐದಾರು ಹಾಳೆಗಳಲ್ಲಿದ್ದವು. ಯಾರು ಬರೆದರು ಎಂದು ಹೇಳದೆ, ಆ ಮಾತುಗಳನ್ನಷ್ಟೇ ಶಿಕ್ಷಕರು ಮುಂದಿನ ಬುಧವಾರ ಕರಿಹಲಗೆಯ ಮೇಲೆ ಬರೆದರು. ಬಹಳ ಹೊತ್ತು ತರಗತಿ ಸದ್ದಿಲ್ಲದೆ ಕೂತಿತ್ತು. ತಾನೊಬ್ಬನೇ ಹೆದರಿ ನಗುತ್ತಿದ್ದೇನೆ ಎಂದುಕೊಂಡಿದ್ದ ಮಕ್ಕಳಿಗೆ ಬೆಂಚಿನ ಆಚೆಯವನೂ ಹಾಗೆಯೇ ಎಂಬುದು ಗೊತ್ತಾದದ್ದು ಆಗ.

ಲೀಡರ್‌ನ ಹಾಳೆಯ ಬಗ್ಗೆಯೂ ಹೇಳಬೇಕು. ಅವನ ನಾಲ್ಕನೇ ಚೌಕದಲ್ಲಿ ಎಲ್ಲರೂ, ಕಾಡಿಸಿಕೊಂಡವನೂ ಸೇರಿ, ನಗುತ್ತಿದ್ದರು. ಅದನ್ನು ತಿದ್ದಲು ಹೋಗಲಿಲ್ಲ. ಬಿಳಿ ಪಟ್ಟಿ ಕೊಟ್ಟು, ಬಾಯಿ ಮುಚ್ಚಿ ಮತ್ತೊಮ್ಮೆ ಕಣ್ಣು ಬರೆಯಲು ಹೇಳಿದರು. ಅವನು ಬರೆದ. ಏನು ತಿಳಿದುಕೊಂಡ ಎಂದು ಕೇಳಲಿಲ್ಲ.

ಚಿತ್ರ ಓದುವ ವಿಷಯದಲ್ಲಿ ಒಂದು ಎಚ್ಚರಿಕೆ. ಕಪ್ಪು ಬಣ್ಣ ಬಳಿದ ಮಗುವಿಗೆ ಖಿನ್ನತೆ, ದೊಡ್ಡ ಹಲ್ಲು ಬರೆದ ಮಗು ಸಿಟ್ಟಿನದು ಎಂಬ ವ್ಯಾಖ್ಯಾನಗಳು ತರಬೇತಿಗಳಲ್ಲಿ ತಿರುಗಾಡುತ್ತಿರುತ್ತವೆ. ಆರು ಮಕ್ಕಳಿಗೆ ಒಂದು ಕ್ರೇಯಾನ್ ಡಬ್ಬಿ ಕೊಟ್ಟರೆ ಕೊನೆಯವನಿಗೆ ಉಳಿಯುವುದೇ ಕಪ್ಪು. ಚಿತ್ರದಿಂದ ರೋಗ ಹೇಳುವುದು ಶಿಕ್ಷಕರ ಕೆಲಸವಲ್ಲ. ಹಾಗೆಂದು ಕಣ್ಣು ಮುಚ್ಚುವಂತೆಯೂ ಇಲ್ಲ: ಲೈಂಗಿಕ ಕಿರುಕುಳದ ಸುಳಿವು ಕಂಡರೆ, ಮಗು ಬಾಯಿಬಿಟ್ಟರೆ, ಅಲ್ಲಿಗೆ ಕಲಾ ಚಟುವಟಿಕೆ ನಿಲ್ಲಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098 ಇದೆ. ಜಾತಿಯ ಹೆಸರು ಹಿಡಿದು ಹೀಯಾಳಿಸುವುದು, ಊಟದ ಸಾಲಿನಲ್ಲಿ ಬೇರೆ ಕೂರಿಸುವುದು ಕಂಡರೂ ಅಷ್ಟೇ. ಅದನ್ನು ಗೊಂಬೆಯಾಟದಲ್ಲಿ ಮೃದು ಮಾಡಬಾರದು. ಮುಖ್ಯ ಶಿಕ್ಷಕರು ಅದೇ ದಿನ ಕೈಗೆತ್ತಿಕೊಳ್ಳಬೇಕಾದ, ಕಾನೂನಿಗೆ ಸೇರಿದ ವಿಷಯ ಅದು.

ಗೊಂಬೆ

ಕೊಪ್ಪಳದವರಿಗೆ ಗೊಂಬೆ ಹೊಸದೇನಲ್ಲ. ಕಿನ್ನಾಳದ ಚಿತ್ರಗಾರರ ಹಗುರ ಮರದ ಗೊಂಬೆಗಳು ಮನೆಮಾತು. ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟದಿಂದ ಅವರು ಸಂದು ತುಂಬಿ ಮೈ ನುಣುಪು ಮಾಡುತ್ತಾರೆ. ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆಗೆ. ಮರ ಕೆತ್ತುವುದು, ತೊಗಲು ಹದ ಮಾಡುವುದು ಆರನೇ ತರಗತಿಗೆ ಆಗದ ಕೆಲಸ, ಆದರೆ ಕಾಗದದ ತಲೆಯ ಕೈಗೊಂಬೆ ಆಗುತ್ತದೆ.

31 ಗೊಂಬೆಗೆ ಬೇಕಾದದ್ದು ಒಂದೂವರೆ ಕೆಜಿ ಹಳೆ ಪೇಪರ್, ಅರ್ಧ ಕೆಜಿ ಮೈದಾ, 31 ಹಳೆ ಲಗ್ನಪತ್ರಿಕೆ, ಸವೆದ ಸೀರೆ ಎರಡು, ಪೋಸ್ಟರ್ ಬಣ್ಣ, ಹನ್ನೆರಡು ಬ್ರಷ್, ನೂಲು, ಗೊಂಬೆಯ ಕೈಗೆ ಬೈಂಡಿಂಗ್ ವಯರ್. ಲಗ್ನಪತ್ರಿಕೆಯನ್ನು ತೋರುಬೆರಳಿಗೆ ಸುತ್ತಿ ನಳಿಗೆ ಮಾಡಿ ಅಂಟಿಸಿದರೆ ಕುತ್ತಿಗೆ. ಮಗುವಿನ ಬೆರಳಿಗೇ ಸುತ್ತಬೇಕು, ಶಿಕ್ಷಕರ ಬೆರಳಿನ ಅಳತೆಗೆ ಮಾಡಿದರೆ ಆಟದ ನಡುವೆ ತಲೆ ಗಿರಗಿರ ತಿರುಗುತ್ತದೆ. ಅದರ ಮೇಲೆ ಪೇಪರ್ ಉಂಡೆ ಕಟ್ಟಿ ಮೋಸಂಬಿ ಗಾತ್ರಕ್ಕೆ ತಂದು ನೂಲು ಬಿಗಿಯಬೇಕು.

ಅಂಟಿಗೆ ಒಂದು ಲೋಟ ಮೈದಾಗೆ ಐದು ಲೋಟ ನೀರು. ಮೈದಾವನ್ನು ಮೊದಲು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕು ಲೋಟಕ್ಕೆ ಸುರಿದು, ಬಿಳುಪು ಹೋಗಿ ಅರೆಪಾರದರ್ಶಕ ಆಗುವವರೆಗೆ ತಿರುವಬೇಕು. ಕೊನೆಗೆ ಒಂದು ಚಮಚ ಉಪ್ಪು. ಬೈಂಡಿಂಗ್ ಅಂಗಡಿಗಳಲ್ಲಿ ಹುಳ ಹಿಡಿಯದಿರಲು ಮೈಲುತುತ್ತ ಹಾಕುತ್ತಾರೆ, ಅದು ವಿಷ, ಮಕ್ಕಳ ಕೈಗೆ ಬೇಡ. ನಮ್ಮ ಸೆಖೆಗೆ ಅಂಟು ಮರುದಿನವೇ ಹುಳಿ ವಾಸನೆ ಹೊಡೆಯುತ್ತದೆ, ಆದ್ದರಿಂದ ಅಂದಂದಿನದು ಅಂದಂದೇ ಕಾಯಿಸಿ.

ಪೇಪರ್ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಬಾರದು, ಹರಿಯಬೇಕು. ಹರಿದ ಅಂಚು ಮೈಗೆ ಕೂರುತ್ತದೆ, ಕತ್ತರಿಸಿದ ಅಂಚು ಎದ್ದು ನಿಲ್ಲುತ್ತದೆ. ಎರಡು ಸೆಂಟಿಮೀಟರ್ ಅಗಲ ಸಾಕು. ಮೂರು ಪದರ: ಮೊದಲನೆಯದು ಕಪ್ಪು ಅಕ್ಷರದ ಪುಟ, ಎರಡನೆಯದು ಬಣ್ಣದ ಜಾಹೀರಾತು ಪುಟ, ಮೂರನೆಯದು ನೋಟ್‌ಬುಕ್‌ನ ಬಿಳಿ ಹಾಳೆ. ಹೀಗೆ ಮಾಡಿದರೆ ಎಲ್ಲಿ ಪದರ ತಪ್ಪಿದೆ ಎಂಬುದು ಮಗುವಿಗೇ ಕಾಣುತ್ತದೆ. ಒಣಗಿಸಲು ಮರಳು ತುಂಬಿದ ಡಬ್ಬಿಯಲ್ಲಿ ಕಡ್ಡಿ ನೆಟ್ಟು ಅದಕ್ಕೆ ಕುತ್ತಿಗೆ ಸಿಗಿಸಿ, ಗಾಳಿಯಾಡುವ ಪಡಸಾಲೆಯಲ್ಲಿ ನೆರಳಿಗೆ ಇಡಬೇಕು. ಬಿಸಿಲಿಗಿಟ್ಟರೆ ಮೇಲಿನ ಪದರ ಬೇಗ ಒಣಗಿ ಒಳಗಿನ ಹಸಿ ಹಾಗೇ ಉಳಿದು, ವಾರದಲ್ಲಿ ಬೂಸಲು ಹಿಡಿದು ಮುಖ ಕುಸಿಯುತ್ತದೆ. ಸೆಪ್ಟೆಂಬರ್ ಮಳೆಯಲ್ಲಿ ಎರಡು ತಲೆಗಳಿಗೆ ಹಾಗೆಯೂ ಆಯಿತು. ಬಣ್ಣಕ್ಕೆ ಮೊದಲು ಹಚ್ಚುವ ಅಸ್ತರಿಗೆ ಕರಿಹಲಗೆಯ ಕೆಳಗೆ ಬೀಳುವ ಸೀಮೆಸುಣ್ಣದ ಪುಡಿ ಮೂರು ಚಮಚ, ಫೆವಿಕಾಲ್ ಒಂದು ಚಮಚ, ಹಚ್ಚಲು ಬರುವಷ್ಟು ನೀರು. ಗೋಡೆಯ ಸುಣ್ಣ ಬೇಡ, ಕೈ ಸುಡುತ್ತದೆ.

ಇಷ್ಟು ಕೈಕೆಲಸದಲ್ಲಿ ಗೇಲಿಯ ವಿಷಯ ಎಲ್ಲಿದೆ ಎಂದರೆ, ಕೂರಿಸುವ ಕ್ರಮದಲ್ಲಿದೆ. ಐದೈದು ಮಂದಿಯ ಗುಂಪು, ಒಂದರಲ್ಲಿ ಮಾತ್ರ ಆರು. ಲೀಡರ್ ಮತ್ತು ಅವನ ನಾಲ್ವರನ್ನು ಬೇರೆ ಬೇರೆ ಗುಂಪಿಗೆ ಹಂಚಿದರು. ಗುಳೆಯಿಂದ ಬಂದ ಹುಡುಗ ಉಳಿದ ಒಂದು ಗುಂಪಿನಲ್ಲಿ, ಇಬ್ಬರು ಸೌಮ್ಯ ಸ್ವಭಾವದ ಮಕ್ಕಳ ನಡುವೆ. ಚೀಟಿ ಎತ್ತಿಸುವ ಶಾಸ್ತ್ರವೂ ನಡೆಯಿತು, ಚೀಟಿಗಳನ್ನು ಶಿಕ್ಷಕರು ಮೊದಲೇ ಜೋಡಿಸಿಟ್ಟಿದ್ದರು. (ಇದು ಮೋಸವೇ. ಮಾಡಬೇಕಾದ ಮೋಸ.) ‘ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿದರೆ ದೋಸ್ತಿ ಆಗ್ತಾರೆ’ ಎಂಬ ಸಲಹೆ ಬಂದಿತ್ತು, ಒಪ್ಪಲಿಲ್ಲ. ಬಲದ ಅಂತರವಿರುವ ಇಬ್ಬರನ್ನು ಒಂದೇ ಅಂಟಿನ ಬೋಗುಣಿಗೆ ಕೂರಿಸಿದರೆ ಬೋಗುಣಿ ಯಾರ ಕೈಯಲ್ಲಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಪಾತ್ರಗಳನ್ನು ಆಯುವಾಗ ಇನ್ನೊಂದು ಗುಂಡಿ. ಮಕ್ಕಳಿಗೆ ದೂರ ಸಿಗಲಿ ಎಂದು ಪ್ರಾಣಿಗಳನ್ನು ಮಾಡಿಸುವುದು ವಾಡಿಕೆ. ಕತ್ತೆ, ಹಂದಿ, ಮಂಗ, ಕಾಗೆ, ಎಮ್ಮೆ ಯಾವುದೇ ಇರಲಿ, ಸಂಜೆಯೊಳಗೆ ಅದು ಯಾರಿಗೋ ಹೆಸರಾಗಿರುತ್ತದೆ. ಬಣ್ಣದ ಪಾತ್ರ ಮಾಡಿದರೆ ಕಪ್ಪು ಗೊಂಬೆಯೇ ಕೆಟ್ಟವನಾಗುತ್ತದೆ. ಕೇಸರಿ, ಹಸಿರು, ನೀಲಿಗೆ ಊರಿನಲ್ಲಿ ಬೇರೆಯೇ ಅರ್ಥಗಳಿವೆ. ಕೊನೆಗೆ ಉಳಿದದ್ದು ವಿನ್ಯಾಸ. ಪಟ್ಟೆ, ಚುಕ್ಕಿ, ಚೌಕ, ಸುಳಿ, ಅಲೆ. ಮುಖಕ್ಕೆಲ್ಲ ಒಂದೇ ಮಣ್ಣಿನ ಬಣ್ಣ, ಮೇಲೆ ವಿನ್ಯಾಸ. ‘ಲೇ ಸುಳಿ’ ಎಂದು ಕೂಗುವುದರಲ್ಲಿ ಯಾರಿಗೂ ಮಜ ಸಿಗಲಿಲ್ಲ.

ಒಂದು ಚಿಕ್ಕ ಸಂಗತಿ. ಗೊಂಬೆಯ ಕೈಗೆ ಬೈಂಡಿಂಗ್ ವಯರ್ ಸುತ್ತುವಾಗ ಗುಳೆಯ ಹುಡುಗನ ಕೈ ಎಲ್ಲರಿಗಿಂತ ಚುರುಕಾಗಿತ್ತು. ಎರಡು ಎಳೆ ಮಡಚಿ, ಕೊಕ್ಕೆ ಹಾಕಿ, ಒಂದೂವರೆ ಸುತ್ತಿಗೆ ಬಿಗಿಯುತ್ತಿದ್ದ. ಸೈಟಿನಲ್ಲಿ ಕಂಬಿ ಕಟ್ಟುವವರನ್ನು ನೋಡಿ ಕಲಿತದ್ದು. ಅವನನ್ನು ಮುಂದೆ ನಿಲ್ಲಿಸಿ ಹೊಗಳುವ ಆಸೆ ಶಿಕ್ಷಕರಿಗೆ ಸಹಜವಾಗಿ ಬಂತು. ತಡೆದದ್ದು ಸರಿ. ವಯರ್ ಕಟ್ಟಲು ಬರುವುದರಿಂದ ಅವನಿಗೆ ಮರ್ಯಾದೆ ಸಿಗಬೇಕು ಎಂದಾದರೆ, ಏನೂ ಬಾರದ ಮಗುವನ್ನು ಗೇಲಿ ಮಾಡಬಹುದು ಎಂದಂತಾಗುತ್ತದೆ. ಪಕ್ಕದ ಗುಂಪಿನವರು ತಾವಾಗಿ ಬಂದು ‘ನಮ್ದೂ ಕಟ್ಟಿಕೊಡು’ ಎಂದರು. ಅಷ್ಟು ಸಾಕಿತ್ತು.

ಆಟ

ಬೆಂಚನ್ನು ಅಡ್ಡ ಮಲಗಿಸಿ, ಮೇಲೆ ಚಾದರ ಹೊದಿಸಿದರೆ ರಂಗ. ದೃಶ್ಯ ಎರಡು ನಿಮಿಷದ್ದು: ಚುಕ್ಕಿಯ ಬುತ್ತಿಯನ್ನು ಪಟ್ಟೆ ಕಸಿಯುತ್ತದೆ, ಸುಳಿ ಕೈಜೋಡಿಸುತ್ತದೆ, ಅಲೆ, ಚೌಕ ಮತ್ತಿತರರು ನಗುತ್ತಾರೆ. ಮೊದಲ ಸಲ ಕೊನೆಯವರೆಗೆ, ಕೆಟ್ಟದಾಗಿಯೇ ಮುಗಿಯುತ್ತದೆ. ಎರಡನೇ ಸಲ ನೋಡುತ್ತಿರುವ ಯಾರಾದರೂ ಚಪ್ಪಾಳೆ ತಟ್ಟಿ ನಿಲ್ಲಿಸಿ, ತಮ್ಮ ಗೊಂಬೆಯೊಂದಿಗೆ ಒಳಗೆ ಹೋಗಬಹುದು. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ ಫೋರಂ ಥಿಯೇಟರ್‌ನ ಕ್ರಮ ಇದು. ಅವರ ಆಟದಲ್ಲಿ ದಬ್ಬಾಳಿಕೆಗೆ ಒಳಗಾದವನ ಜಾಗಕ್ಕೆ ಪ್ರೇಕ್ಷಕ ಹೋಗುತ್ತಾನೆ. ಇಲ್ಲಿ ಅದನ್ನು ಬದಲಿಸಿ, ನಗುವ ಗೊಂಬೆಗಳ ಜಾಗಕ್ಕೆ ಮಾತ್ರ ಹೋಗಬಹುದು ಎಂಬ ನಿಯಮ ಇಡಲಾಯಿತು. ಚುಕ್ಕಿಯನ್ನು ಆಡಿಸಿದವರು ಶಿಕ್ಷಕರೇ. ಕಾಡಿಸಿಕೊಂಡ ಪಾತ್ರವನ್ನು ಯಾವ ಮಗುವಿನ ಕೈಗೂ ಕೊಡಬಾರದು, ನಿಜವಾಗಿ ಕಾಡಿಸಿಕೊಂಡ ಮಗುವಿಗಂತೂ ಖಂಡಿತ ಬೇಡ. ಆ ಹುಡುಗ ಚಾದರದ ಒಂದು ತುದಿ ಹಿಡಿದು ನಿಂತಿದ್ದ, ಅದು ಅವನೇ ಆರಿಸಿಕೊಂಡ ಕೆಲಸ.

ಮೊದಲು ಬಂದ ಗೊಂಬೆ ‘ಏಯ್, ಕೊಡಲೇ ಅದನ್ನ’ ಎಂದು ಗದರಿತು. ಪಟ್ಟೆ ತಕ್ಷಣ ಅದರ ಮೇಲೆ ಎರಗಿತು. ಎರಡನೆಯದು ‘ಸರ್‌ಗೆ ಹೇಳ್ತೀನಿ’ ಎಂದಿತು, ‘ಚಾಡಿ ಚಾಡಿ’ ಎಂದು ಉಳಿದವು ಕೂಗಿದವು. ಗೊಂಬೆ ಹಿಡಿದ ಮಕ್ಕಳು ಇದನ್ನೆಲ್ಲ ಯಾರೂ ಹೇಳಿಕೊಡದೆ ಆಡುತ್ತಿದ್ದರು, ಏಕೆಂದರೆ ನಲ್ಲಿಯ ಬಳಿ ನಡೆಯುವುದೂ ಅದೇ. ನಾಲ್ಕನೇ ಪ್ರಯತ್ನದಲ್ಲಿ ಒಬ್ಬಳು ಪಟ್ಟೆಯನ್ನು ನೋಡಲೇ ಇಲ್ಲ. ಚುಕ್ಕಿಯ ಪಕ್ಕಕ್ಕೆ ಹೋಗಿ ‘ಬಾ, ನೀರು ಕುಡ್ಯಾಕ ಹೋಗೂಣು’ ಎಂದು ಕರೆದುಕೊಂಡು ಹೊರಟಳು. ಪಟ್ಟೆ ಹಿಡಿದವನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಬುತ್ತಿ ಕೈಯಲ್ಲಿತ್ತು, ಆಟ ಉಳಿದಿರಲಿಲ್ಲ.

ನಗದೇ ಇರುವುದನ್ನು ಗೊಂಬೆಯಲ್ಲಿ ತೋರಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತಿದರು. ಮುಖ ಬದಲಾಗುವುದಿಲ್ಲವಲ್ಲ. ಬೆನ್ನು ತಿರುಗಿಸೋಣ ಎಂದ ಒಬ್ಬ. ಒಂದಾದ ಮೇಲೊಂದು ಗೊಂಬೆ ಬೆನ್ನು ತಿರುಗಿಸಿದಾಗ ದೃಶ್ಯ ಅರ್ಧ ನಿಮಿಷವೂ ಉಳಿಯಲಿಲ್ಲ. ದೊಡ್ಡವರಿಗೆ ಹೇಳುವುದು ಚಾಡಿಯಲ್ಲ ಎಂಬುದನ್ನು ಮಾತ್ರ ಶಿಕ್ಷಕರು ಬೇರೆಯಾಗಿ, ನೇರವಾಗಿ ಹೇಳಬೇಕಾಯಿತು: ಒಬ್ಬನಿಗೆ ಶಿಕ್ಷೆ ಕೊಡಿಸಲು ಹೇಳಿದರೆ ಚಾಡಿ, ಒಬ್ಬನನ್ನು ಕಾಪಾಡಲು ಹೇಳಿದರೆ ಅಲ್ಲ. ಗುಂಪಿನಲ್ಲಿ ಹೇಳಲಾರದವರಿಗೆ ಚೀಟಿ ಬರೆದು ಹಾಕಲು ಡಬ್ಬಿಯೊಂದನ್ನು ಇಟ್ಟರು. ಅದನ್ನು ವಾರಕ್ಕೆ ಎರಡು ದಿನ ತೆರೆಯಲೇಬೇಕು, ಜೇಡ ಬಲೆ ಕಟ್ಟಿದ ಡಬ್ಬಿಯನ್ನು ಯಾವ ಮಗುವೂ ನಂಬುವುದಿಲ್ಲ.

ಆಮೇಲೆ

ಲೀಡರ್ ಮತ್ತು ನಾಲ್ವರ ಜೊತೆ ಮುಖ್ಯ ಶಿಕ್ಷಕರು ಒಬ್ಬೊಬ್ಬರನ್ನೇ ಕರೆದು ಮಾತಾಡಿದರು, ತರಗತಿಯ ಮುಂದೆ ಅಲ್ಲ. ಹಾಜರಿಯಲ್ಲಿ ಅಡ್ಡಹೆಸರು ಬಳಸಿದ ಶಿಕ್ಷಕರು ಪೂರ್ಣ ಹೆಸರು ಕರೆಯಲು ಶುರುಮಾಡಿದರು. ಹುಡುಗನ ಅಜ್ಜಿ ‘ಅವ್ರು ಹೊಡದ್ರ ನೀನೂ ಹೊಡಿ’ ಎಂದು ಹೇಳಿಕೊಟ್ಟಿದ್ದಳು. ಅವಳಿಗೆ ಚಿತ್ರಗಳನ್ನು ತೋರಿಸಲಿಲ್ಲ, ಶನಿವಾರ ಯಾಕೆ ಬರುತ್ತಿರಲಿಲ್ಲ ಎಂಬುದನ್ನಷ್ಟೇ ಹೇಳಿದರು. ಹಾಳೆಗಳೆಲ್ಲ ಹೆಸರಿಲ್ಲದೆ ಬೀರುವಿನಲ್ಲಿವೆ. ಅವುಗಳ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದು ಎಂಬುದನ್ನು ಮೊದಲ ದಿನವೇ ನಿರ್ಧರಿಸಿದ್ದರು. ‘ಡಾಕ್ಯುಮೆಂಟೇಷನ್’ಗೆ ಗೊಂಬೆಗಳ ಫೋಟೊ ಸಾಕು.

ದಸರಾ ರಜೆಯ ನಂತರ, ನವೆಂಬರ್‌ನಲ್ಲಿ, ಅದೇ ನಕ್ಷೆಯನ್ನು ಮತ್ತೆ ಬಿಡಿಸಿದರು. ನಲ್ಲಿಯ ಬಳಿ ಕೆಂಪು ತೆಳುವಾಗಿತ್ತು. ತಾಂಡಾ ದಾರಿಯ ತಿರುವಿನಲ್ಲಿ ಹೊಸ ಕೆಂಪು ಬಂದಿತ್ತು. ದೊಡ್ಡವರ ಕಣ್ಣಿಲ್ಲದ ಜಾಗಕ್ಕೆ ಅದು ಸರಿದುಕೊಂಡಿದೆ ಎಂದರ್ಥ. ಹುಡುಗ ಶನಿವಾರ ಬರತೊಡಗಿದ. ‘ಸಿಮೆಂಟ್’ ಪೂರ್ತಿ ಹೋಗಲಿಲ್ಲ, ಇಬ್ಬರು ಈಗಲೂ ಅನ್ನುತ್ತಾರೆ, ಆದರೆ ನಗುವವರು ಕಡಿಮೆ. ಇನ್ನೊಂದು ಕಡೆ, ಐದನೇ ತರಗತಿಯ ಒಬ್ಬ ತೊದಲು ಮಾತಿನ ಹುಡುಗಿಯನ್ನು ಲೀಡರ್ ಗುಂಪಿನ ಒಬ್ಬ ಅಣಗಿಸಲು ಶುರುಮಾಡಿದ್ದು ಡಬ್ಬಿಯ ಚೀಟಿಯಿಂದ ತಿಳಿಯಿತು. ಐದನೇ ತರಗತಿಗೆ ಈ ಪಾಠ ಆಗಿರಲಿಲ್ಲ. ಒಂದೇ ತರಗತಿಗೆ ಮಾಡಿದರೆ ಹೀಗಾಗುತ್ತದೆ, ಊಟ, ನಲ್ಲಿ, ದಾರಿ ಎಲ್ಲ ತರಗತಿಗಳಿಗೂ ಒಂದೇ ಅಲ್ಲವೇ. ನಾಲ್ಕರಿಂದ ಏಳರವರೆಗೆ ನಕ್ಷೆಯನ್ನಾದರೂ ಒಟ್ಟಿಗೆ ಮಾಡಿಸಬೇಕು.

ಸುಗ್ಗಿ ಮುಗಿದ ಮೇಲೆ ಹುಡುಗ ಮತ್ತೆ ಗುಳೆ ಹೋಗಬಹುದು. ವಲಸೆ ಹೋಗುವವರ ಮಕ್ಕಳಿಗಿರುವ ಋತುಮಾನ ವಸತಿ ವ್ಯವಸ್ಥೆಯ ಬಗ್ಗೆ ಅಜ್ಜಿಗೆ ಹೇಳಲಾಗಿದೆ, ತೀರ್ಮಾನ ಅಪ್ಪ ಅವ್ವನದು. ಹೋದರೆ, ವಾಪಸ್ ಬರುವ ಮೊದಲ ವಾರಕ್ಕೆ ಮಾಡಬೇಕಾದ್ದನ್ನು ತರಗತಿ ಶಿಕ್ಷಕರು ಅರ್ಧ ಪುಟದಲ್ಲಿ ಬರೆದು ಹಾಜರಿ ಪುಸ್ತಕದೊಳಗೆ ಇಟ್ಟಿದ್ದಾರೆ, ಮುಂದಿನ ವರ್ಷ ಬೇರೆಯವರು ಬಂದರೂ ಸಿಗಲಿ ಎಂದು: ಪೂರ್ಣ ಹೆಸರಿನಿಂದ ಕರೆಯುವುದು, ಗೊಂಬೆ ಗುಂಪಿನ ಆ ಇಬ್ಬರ ನಡುವೆ ಕೂರಿಸುವುದು, ಮೊದಲ ಹದಿನೈದು ದಿನ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸದಿರುವುದು, ಬೆಂಗಳೂರಿನ ಬಗ್ಗೆ ಅವನಾಗಿ ಹೇಳುವವರೆಗೆ ಕೇಳದಿರುವುದು.